ಕೈಗೆ ನಿಜವೆನಿಸಬೇಕು: ಎಲೆಕ್ಟ್ರಾನಿಕ್ ಡ್ರಮ್ ಸೆಟ್ಟಿನ ಆಯ್ಕೆ ಮತ್ತು ಜೋಡಣೆ

ಸಂಗೀತಾಸಕ್ತರೇ,

ನಮ್ಮ ಊರುಗಳ ವಾದ್ಯಗೋಷ್ಠಿಗಳನ್ನು ನೋಡಿ ಬೆಳೆದವರಿಗೆ ಎಲೆಕ್ಟ್ರಾನಿಕ್ ಡ್ರಮ್ ಎಂದೊಡನೆ ರಿದಂ ಪ್ಯಾಡ್ ನೆನಪಾಗುತ್ತದೆ. ಎಂಟು ಚೌಕಗಳ ಆ ಪೆಟ್ಟಿಗೆಯೊಂದರಿಂದಲೇ ಡೋಲಕ್, ತಬಲಾ, ಕಾಂಗೋ ಎಲ್ಲವನ್ನೂ ಹೊರಡಿಸುವ ಕಲಾವಿದರು ನಮ್ಮಲ್ಲಿದ್ದಾರೆ. ಅದು ಸ್ವತಂತ್ರವಾದ ಒಂದು ವಿದ್ಯೆ, ಅದರ ಬಗ್ಗೆ ಪ್ರತ್ಯೇಕವಾಗಿಯೇ ಮಾತಾಡಬೇಕು. ಇಂದು ನಾನು ಹೇಳಹೊರಟಿರುವುದು ಎರಡು ಕೈ, ಎರಡು ಕಾಲುಗಳನ್ನೂ ಬಳಸಿ ಕುಳಿತು ನುಡಿಸುವ, ಅಕೂಸ್ಟಿಕ್ (ವಿದ್ಯುತ್ತಿಲ್ಲದೆ ತಾನೇ ನುಡಿಯುವ) ಡ್ರಮ್ ಸೆಟ್ಟಿಗೆ ಬದಲಾಗಿ ಮನೆಯಲ್ಲೋ ವೇದಿಕೆಯಲ್ಲೋ ಇಟ್ಟುಕೊಳ್ಳುವ ಪೂರ್ಣ ಪ್ರಮಾಣದ ಸೆಟ್ಟಿನ ಬಗ್ಗೆ.

ಕೊಳ್ಳಲು ಬರುವವರಲ್ಲಿ ಹೆಚ್ಚಿನವರು ಅಂಗಡಿಯಲ್ಲಿ ಹೆಡ್‌ಫೋನ್ ಹಾಕಿಕೊಂಡು, ಪ್ಯಾಡುಗಳ ಏಟನ್ನು ನಾದವಾಗಿಸುವ ಪೆಟ್ಟಿಗೆಯಾದ ಮಾಡ್ಯೂಲಿನಲ್ಲಿ ಎಷ್ಟು ಬಗೆಯ ನಾದಗಳಿವೆ ಎಂದು ಒಂದೊಂದಾಗಿ ತಿರುವಿ ನೋಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಪರೀಕ್ಷೆ ಶುರುವಾಗಬೇಕಾದದ್ದು ಅಲ್ಲಿಂದಲ್ಲ. ನಾದವನ್ನು ನಾಳೆ ಕಂಪ್ಯೂಟರಿನ ಸಾಫ್ಟ್‌ವೇರ್‌ನಿಂದ ಬದಲಾಯಿಸಿಕೊಳ್ಳಬಹುದು. ಆದರೆ ಕೋಲು ಬಿದ್ದಾಗ ಪ್ಯಾಡು ಅದನ್ನು ಹೇಗೆ ಹಿಂದಕ್ಕೆ ಚಿಮ್ಮಿಸುತ್ತದೆ, ಮೆಲ್ಲಗೆ ತಾಕಿದ್ದನ್ನೂ ಬಲವಾಗಿ ಹೊಡೆದದ್ದನ್ನೂ ಎಷ್ಟು ನಿಖರವಾಗಿ ಬೇರ್ಪಡಿಸುತ್ತದೆ ಎಂಬುದು ಯಂತ್ರಾಂಶದಲ್ಲೇ ಇರಬೇಕಾದ ಗುಣ. ಅದಿಲ್ಲದ ಸೆಟ್ಟಿನಲ್ಲಿ ವರ್ಷಗಟ್ಟಲೆ ಅಭ್ಯಾಸ ಮಾಡಿದವರ ಕೈ, ಅಕೂಸ್ಟಿಕ್ ಡ್ರಮ್ಮಿನ ಮುಂದೆ ಕುಳಿತ ದಿನ ತಡವರಿಸುತ್ತದೆ.

ಈ ಮಾತಿಗೆ ವಾದ್ಯದ ಇತಿಹಾಸವೇ ಆಧಾರ. 1981ರಲ್ಲಿ ಇಂಗ್ಲೆಂಡಿನ ಸಿಮನ್ಸ್ ಕಂಪನಿಯ ಎಸ್‌ಡಿಎಸ್-5 ಬಂದಾಗ ಅದರ ಷಟ್ಕೋನದ ಪ್ಯಾಡುಗಳು ಆ ದಶಕದ ಪಾಪ್ ಸಂಗೀತದ ಗುರುತಾಗಿಬಿಟ್ಟವು. ಆದರೆ ಹೊಡೆಯುವ ಮೇಲ್ಮೈ ಗಟ್ಟಿ ಪಾಲಿಕಾರ್ಬೊನೇಟ್ ಆಗಿತ್ತು. ಏಟಿನ ಆಘಾತವೆಲ್ಲ ವಾದಕರ ಮಣಿಕಟ್ಟಿಗೇ ಮರಳುತ್ತಿತ್ತು, ನೋವಿನ ದೂರುಗಳು ಬಂದವು. ಮುಂದೆ ರಬ್ಬರ್ ಹೊದಿಕೆ ಬಂದು ನೋವು ತಗ್ಗಿತಾದರೂ ಸ್ಪರ್ಶ ಮಾತ್ರ ಡ್ರಮ್ಮಿನದಾಗಲಿಲ್ಲ. ದೊಡ್ಡ ತಿರುವು 1997ರದು. ಜಪಾನಿನ ರೋಲೆಂಡ್ ಕಂಪನಿ, ಡ್ರಮ್ ಹೆಡ್‌ಗಳಿಗೆ, ಅಂದರೆ ಏಟು ಬೀಳುವ ಹೊದಿಕೆಗಳಿಗೆ ಹೆಸರಾದ ಅಮೆರಿಕದ ರೆಮೊ ಜತೆ ಸೇರಿ, ಸೊಳ್ಳೆಪರದೆಯಂಥ ನೇಯ್ಗೆಯ ಮೆಶ್ ಹೆಡ್ ಇರುವ ವಿ-ಡ್ರಮ್ಸ್ ಅನ್ನು ಟಿಡಿ-10 ಮಾಡ್ಯೂಲಿನೊಂದಿಗೆ ಹೊರತಂದಿತು. ಗಾಳಿ ರಂಧ್ರಗಳ ಮೂಲಕ ಹಾದುಹೋಗುವುದರಿಂದ ಸದ್ದು ಕಡಿಮೆ. ಸಾಮಾನ್ಯ ಡ್ರಮ್ಮಿನಂತೆಯೇ ಕೀಲಿಯಿಂದ ಬಿಗಿಮಾಡಬಹುದಾದ್ದರಿಂದ ಕೋಲಿನ ಪುಟಿತವನ್ನು ಕೈಗೆ ಒಗ್ಗುವಂತೆ ಹೊಂದಿಸಿಕೊಳ್ಳಬಹುದು. ಇಂದು ನೈಜತೆಯ ಬಗ್ಗೆ ಮಾತಾಡುವಾಗ ನಾವು ಬಹುಮಟ್ಟಿಗೆ ಆ ವಿನ್ಯಾಸದ ಸಂತತಿಯ ಬಗ್ಗೆಯೇ ಮಾತಾಡುತ್ತಿರುತ್ತೇವೆ.

ಪ್ಯಾಡಿನೊಳಗೆ ನಡೆಯುವುದೇನು ಎಂಬುದನ್ನು ತಿಳಿದರೆ ಆಯ್ಕೆ ಸುಲಭವಾಗುತ್ತದೆ. ಹೆಡ್‌ನ ಕೆಳಗೆ ಪಿಯಜೋ ಬಿಲ್ಲೆಯೊಂದಿರುತ್ತದೆ. ಹಿತ್ತಾಳೆಯ ತಟ್ಟೆಗೆ ಅಂಟಿಸಿದ ಸೆರಾಮಿಕ್ ಪದರ ಅದು. ಏಟಿನ ಕಂಪನಕ್ಕೆ ಅದು ಬಾಗಿದಾಗ ವಿದ್ಯುತ್ ಹುಟ್ಟುತ್ತದೆ. ಮಾಡ್ಯೂಲ್ ಆ ಅಲೆಯನ್ನು ಒಂದೆರಡು ಮಿಲಿಸೆಕೆಂಡು ಗಮನಿಸಿ, ಅದರ ಶಿಖರವನ್ನು ಅಳೆದು, ಏಟಿನ ಬಲವನ್ನು 1ರಿಂದ 127ರವರೆಗಿನ ಒಂದು ಮಿಡಿ (ವಾದ್ಯ, ಕಂಪ್ಯೂಟರ್‌ಗಳ ನಡುವಿನ ಸಂಕೇತಭಾಷೆ) ಸಂಖ್ಯೆಯಾಗಿಸುತ್ತದೆ. ಇಲ್ಲಿ ಎದುರಾಗುವ ತೊಂದರೆಗಳು ಹಲವು. ತೀರ ಸಣ್ಣ ಕಂಪನಗಳನ್ನು ಕಡೆಗಣಿಸಲು ಥ್ರೆಶೋಲ್ಡ್ ಎಂಬ ಹೊಸ್ತಿಲನ್ನು ಇಡಬೇಕು. ಅದನ್ನು ಎತ್ತರಿಸಿದರೆ ಸ್ನೇರ್ (ತಳದಲ್ಲಿ ತಂತಿಗಳಿರುವ ಮುಖ್ಯ ಡ್ರಮ್) ಮೇಲಿನ ಘೋಸ್ಟ್ ನೋಟುಗಳು, ಅಂದರೆ ಕೇಳಿಯೂ ಕೇಳಿಸದಂಥ ಮೆಲು ಏಟುಗಳು, ಮಾಯವಾಗುತ್ತವೆ, ತಗ್ಗಿಸಿದರೆ ಪಕ್ಕದ ಟಾಮ್ (ತಂತಿಗಳಿಲ್ಲದ ಡ್ರಮ್) ಹೊಡೆದಾಗ ಸ್ನೇರ್ ತಾನಾಗಿ ಉಲಿಯುತ್ತದೆ. ಈ ಎರಡನೆಯದಕ್ಕೆ ಕ್ರಾಸ್‌ಟಾಕ್ ಎನ್ನುತ್ತಾರೆ. ಒಂದೇ ಏಟು ಎರಡಾಗಿ ಕೇಳಿಸದಿರಲೆಂದು ಪ್ರತಿ ಏಟಿನ ನಂತರ ಮಾಡ್ಯೂಲ್ ಕೆಲ ಕ್ಷಣ ಕಿವಿ ಮುಚ್ಚಿಕೊಳ್ಳುತ್ತದೆ. ಆ ಅವಧಿಯನ್ನು ಅಜಾಗರೂಕತೆಯಿಂದ 50 ಮಿಲಿಸೆಕೆಂಡಿಗೆ ಏರಿಸಿಟ್ಟರೆ, ಸೆಕೆಂಡಿಗೆ 20ಕ್ಕಿಂತ ಹೆಚ್ಚು ಏಟುಗಳಿರುವ ರೋಲಿನಲ್ಲಿ ಏಟುಗಳು ಬಿಟ್ಟುಹೋಗತೊಡಗುತ್ತವೆ. ಒಳ್ಳೆಯ ಮಾಡ್ಯೂಲಿನ ಬೆಲೆ ಹೆಚ್ಚಿರುವುದಕ್ಕೆ ಅದರೊಳಗಿನ ನಾದಗಳಿಗಿಂತ ಈ ಲೆಕ್ಕಾಚಾರದ ಚಾತುರ್ಯವೇ ದೊಡ್ಡ ಕಾರಣ.

ಹಾಗಾದರೆ ಹಣವನ್ನು ಎಲ್ಲಿ ಸುರಿಯಬೇಕು? ಮೊದಲು ಹೈ-ಹ್ಯಾಟ್ (ಕಾಲಿನಿಂದ ತೆರೆದು ಮುಚ್ಚುವ ಜೋಡಿ ಸಿಂಬಲ್), ನಂತರ ಸ್ನೇರ್, ಆಮೇಲೆ ಕಿಕ್ (ಪೆಡಲಿನಿಂದ ನುಡಿಸುವ ಬೇಸ್ ಡ್ರಮ್) ಎಂದು ನಾನು ಹೇಳುತ್ತೇನೆ. ಅಗ್ಗದ ಸೆಟ್ಟುಗಳಲ್ಲಿ ಹೈ-ಹ್ಯಾಟ್ ಎಂದರೆ ಗೋಡೆಗೋ ಕಂಬಕ್ಕೋ ಬಿಗಿದಂತೆ ಅಲುಗಾಡದ ಒಂದು ರಬ್ಬರ್ ತಟ್ಟೆ, ನೆಲದ ಮೇಲೆ ಬೇರೆಯೇ ಒಂದು ಪೆಡಲ್. ನಿಜವಾದ ಹೈ-ಹ್ಯಾಟಿನಲ್ಲಿ ತೆರೆದದ್ದು, ಮುಚ್ಚಿದ್ದು ಎಂಬ ಎರಡೇ ಸ್ಥಿತಿಗಳಿಲ್ಲ. ಅಂಚುಗಳು ಅರೆಬರೆ ಮುಟ್ಟಿ ಸರಸರ ಎನ್ನುವ ಹತ್ತಾರು ಹಂತಗಳಿವೆ, ಕಾಲಿನ ಒತ್ತಡದಿಂದಲೇ ವಾದಕ ಅವುಗಳ ನಡುವೆ ಓಡಾಡುತ್ತಾನೆ. ಆದ್ದರಿಂದ ಸಾಮಾನ್ಯ ಹೈ-ಹ್ಯಾಟ್ ಸ್ಟ್ಯಾಂಡಿನ ಮೇಲೆಯೇ ಕೂರುವ, ಮೇಲೆ ಕೆಳಗೆ ನಿಜವಾಗಿ ಚಲಿಸುವ ಮಾದರಿಯನ್ನು ಆರಿಸಬೇಕು. ಒಂದು ಕಂಪನಿಯ ಹೈ-ಹ್ಯಾಟ್ ಮತ್ತೊಂದರ ಮಾಡ್ಯೂಲಿಗೆ ಹೊಂದುತ್ತದೆಂಬ ಭರವಸೆ ಇಲ್ಲ. ಬಿಡಿಬಿಡಿಯಾಗಿ ಕೊಳ್ಳುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ.

ಸ್ನೇರ್ 14 ಇಂಚಿನದಾಗಿದ್ದರೆ ಉತ್ತಮ, 12 ಇಂಚಿಗಿಂತ ಕಡಿಮೆಯದು ಬೇಡ. ಕೋಲನ್ನು ಅಡ್ಡಲಾಗಿಟ್ಟು ಅಂಚಿಗೆ ತಟ್ಟುವ ಕ್ರಾಸ್‌ಸ್ಟಿಕ್ ನುಡಿಸುವಾಗ ಅಂಗೈ ಹೆಡ್‌ನ ಮೇಲೆ ಊರಿರುತ್ತದೆ. 8 ಇಂಚಿನ ಪ್ಯಾಡಿನ ಮೇಲೆ ಅದಕ್ಕೆ ಜಾಗವೇ ಇರುವುದಿಲ್ಲ. 2016ರಲ್ಲಿ ರೋಲೆಂಡ್ ತನ್ನ ಟಿಡಿ-50 ಮಾಡ್ಯೂಲಿನೊಂದಿಗೆ ಯುಎಸ್‌ಬಿ ಮೂಲಕ ಜೋಡಿಸುವ 14 ಇಂಚಿನ ಸ್ನೇರ್ ಮತ್ತು 18 ಇಂಚಿನ ರೈಡ್ (ತಾಳ ಹಿಡಿಯುವ ದೊಡ್ಡ ಸಿಂಬಲ್) ತಂದಿತು. ಅವು ಅದ್ಭುತವಾಗಿವೆ, ಬೆಲೆಯೂ ಹಾಗೆಯೇ ಇದೆ. ರೈಡ್ ಸಿಂಬಲ್‌ಗೆ ಮೈ, ಅಂಚು, ಬೆಲ್ (ನಡುವಿನ ಗುಬ್ಬಿ) ಎಂಬ ಮೂರೂ ವಲಯಗಳಿರಲಿ. ಟಾಮ್‌ಗಳ ವಿಷಯದಲ್ಲಿ ಮಾತ್ರ ಧಾರಾಳವಾಗಿ ಜಿಪುಣತನ ತೋರಬಹುದು, ಹೆಚ್ಚಿನ ಹಾಡುಗಳಲ್ಲಿ ಅವುಗಳ ಸರದಿ ಬರುವುದೇ ಅಪರೂಪ.

ಸಿದ್ಧ ಸೆಟ್ಟಿಗೆ ಬೇಕಾದಷ್ಟು ಹಣವಿಲ್ಲದವರಿಗೂ, ಕೈಯಾರೆ ಮಾಡುವುದರಲ್ಲಿ ಸುಖ ಕಾಣುವವರಿಗೂ ಇನ್ನೊಂದು ದಾರಿಯಿದೆ: ಹಳೆಯ ಅಕೂಸ್ಟಿಕ್ ಸೆಟ್ ಕೊಂಡು ಅದನ್ನೇ ಎಲೆಕ್ಟ್ರಾನಿಕ್ ಮಾಡಿಕೊಳ್ಳುವುದು. ಮರದ ಶೆಲ್ಲು (ಡ್ರಮ್ಮಿನ ಟೊಳ್ಳು ಮೈ), ಗಾತ್ರ, ಎತ್ತರ ಎಲ್ಲವೂ ನಿಜವಾದದ್ದೇ ಆಗಿರುವುದರಿಂದ ಕುಳಿತಾಗಿನ ಅನುಭವ ಯಾವ ದುಬಾರಿ ಸೆಟ್ಟಿಗೂ ಕಡಿಮೆಯಿರುವುದಿಲ್ಲ. ಪಿಯಜೋ ಬಿಲ್ಲೆ, ಜ್ಯಾಕ್, ತೆಳು ವೈರುಗಳು ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಕಡೆ ಬಹಳ ಅಗ್ಗವಾಗಿ ಸಿಗುತ್ತವೆ. ಮೆಶ್ ಹೆಡ್‌ಗೆ ಮಾತ್ರ ಸ್ವಲ್ಪ ಹೆಚ್ಚು ತೆರಬೇಕಾದೀತು.

ಸ್ನೇರ್ ಒಂದನ್ನು ಮಾರ್ಪಡಿಸುವ ಕ್ರಮವನ್ನು ವಿವರವಾಗಿ ಹೇಳುತ್ತೇನೆ. ಮೇಲಿನ ಹೆಡ್ ತೆಗೆದು, ಕೆಳಗಿನ ಸ್ನೇರ್ ತಂತಿಗಳನ್ನೂ ಕಳಚಿ. ಶೆಲ್ಲಿನ ಒಳಗೆ ಅಡ್ಡಲಾಗಿ ಒಂದು ಲೋಹದ ಪಟ್ಟಿಯನ್ನು, ಲಗ್‌ಗಳ (ಹೆಡ್ ಬಿಗಿಯುವ ಬೋಲ್ಟುಗಳು ಕೂರುವ ತುಂಡುಗಳ) ಸ್ಕ್ರೂಗಳನ್ನೇ ಬಳಸಿ ಬಿಗಿಯಿರಿ. ಹೀಗೆ ಮಾಡಿದರೆ ಶೆಲ್ಲಿಗೆ ಹೊಸ ತೂತು ಬೀಳುವುದಿಲ್ಲ, ಬೇಕೆಂದಾಗ ಡ್ರಮ್ಮನ್ನು ಮೊದಲಿನಂತೆ ಮಾಡಿಕೊಳ್ಳಬಹುದು. ಪಟ್ಟಿಯ ಮೇಲೆ ಎರಡೂ ಬದಿ ಅಂಟಿರುವ ಫೋಮ್ ಟೇಪು, ಅದರ ಮೇಲೆ ಪಿಯಜೋ, ಅದರ ಮೇಲೆ ಫೋಮಿನ ಕೋನ್. ಕೋನಿನ ತುದಿ ಶೆಲ್ಲಿನ ಅಂಚಿಗಿಂತ ಕೆಲವೇ ಮಿಲಿಮೀಟರ್ ಮೇಲಕ್ಕಿರಬೇಕು. ಕಡಿಮೆಯಾದರೆ ಮೆಲುವಾದ ಏಟುಗಳು ತಲುಪುವುದಿಲ್ಲ, ಹೆಚ್ಚಾದರೆ ಹೆಡ್‌ನ ನಡುವೆ ಗಂಟು ಕೈಗೆ ಸಿಗುತ್ತದೆ. ಬೆಸುಗೆ ಹಾಕುವಾಗ ಬಿಳಿಯ ಸೆರಾಮಿಕ್ ಭಾಗಕ್ಕೆ ಕಾದ ಕಬ್ಬಿಣವನ್ನು ಕ್ಷಣಮಾತ್ರ ತಾಕಿಸಿ ತೆಗೆಯಬೇಕು. ತಡಮಾಡಿದರೆ ಆ ಪದರ ಹಾಳಾಗುತ್ತದೆ. ಹೆಡ್ಡಿಗೂ ಅಂಚಿಗೂ ಒಟ್ಟಿಗೆ ಹೊಡೆಯುವ ರಿಮ್‌ಶಾಟ್ ಬೇಕಾದರೆ ಎರಡನೆಯ ಪಿಯಜೋವನ್ನು ಶೆಲ್ಲಿನ ಒಳಗೋಡೆಗೆ ಅಂಟಿಸಿ, ಎರಡನ್ನೂ ಒಂದು ಸ್ಟೀರಿಯೊ ಜ್ಯಾಕಿಗೆ ಕೊಡಬೇಕು. ಕೊನೆಗೆ ಮೇಲೆ ಮೆಶ್ ಹೆಡ್ ಕೂರಿಸಿ ಬಿಗಿಯಬೇಕು.

ಈ ವಿನ್ಯಾಸದ ಒಂದು ದೋಷವನ್ನು ಮರೆಮಾಚಬಾರದು. ಕೋನಿನ ನೇರ ಮೇಲೆ ಏಟು ಬಿದ್ದರೆ ಅದು ಉಳಿದೆಡೆಗಿಂತ ಜೋರಾಗಿ ಕೇಳಿಸುತ್ತದೆ. ಕಂಪನವನ್ನು ಹರಡುವಂತೆ ತಟ್ಟೆಯೊಂದರ ಮೇಲೆ ಮೂರು ನಾಲ್ಕು ಪಿಯಜೋಗಳನ್ನು ಜೋಡಿಸುವುದು ಒಂದು ಪರಿಹಾರ, ಟ್ರಿಗರನ್ನು, ಅಂದರೆ ಪಿಯಜೋ ಮತ್ತು ಕೋನಿನ ಜೋಡಣೆಯನ್ನು, ಅಂಚಿಗೆ ಸರಿಸುವುದು ಇನ್ನೊಂದು. ಸ್ನೇರಿಗೆ ಮೊದಲನೆಯದು, ಟಾಮ್‌ಗೆ ಎರಡನೆಯದು ಸಾಕು ಎಂದು ನನಗನಿಸುತ್ತದೆ. ಇನ್ನು 20 ಅಥವಾ 22 ಇಂಚಿನ ಬೇಸ್ ಡ್ರಮ್ಮಿಗೆ ಮೆಶ್ ಹಾಕಿದಾಗ ಪೆಡಲಿನ ಬೀಟರ್ (ಬಡಿಯುವ ತಲೆ) ವಿಪರೀತ ಪುಟಿಯುತ್ತದೆ. ಹೆಡ್‌ನ ಹಿಂದೆ ಫೋಮ್ ಹಲಗೆಯೊಂದನ್ನು ಒತ್ತಿ ನಿಲ್ಲಿಸಿದರೆ ಅದು ಹದಕ್ಕೆ ಬರುತ್ತದೆ.

ನಾದಕ್ಕಾಗಿ ಕಂಪ್ಯೂಟರ್ ಬಳಸುವವರಿಗೆ ಎರಡು ಮಾತು. ಒಂದೇ ಧ್ವನಿಮುದ್ರಣವನ್ನು ಮತ್ತೆ ಮತ್ತೆ ನುಡಿಸಿದರೆ ಮಷೀನ್ ಗನ್ನಿನ ಸದ್ದಾಗುತ್ತದೆ. ಅದಕ್ಕಾಗಿಯೇ ಸಾಫ್ಟ್‌ವೇರ್ ತಯಾರಕರು ಒಂದೊಂದು ಬಲದ ಏಟನ್ನೂ ಹಲವು ಸಲ ಮುದ್ರಿಸಿರುತ್ತಾರೆ. ಸ್ವೀಡನ್ನಿನ ಟೂನ್‌ಟ್ರ್ಯಾಕ್ 2017ರಲ್ಲಿ ತಂದ ಸುಪೀರಿಯರ್ ಡ್ರಮ್ಮರ್ 3ರಲ್ಲಿ, ಬೆಲ್ಜಿಯಮ್ಮಿನ ಗ್ಯಾಲಕ್ಸಿ ಸ್ಟುಡಿಯೋದಲ್ಲಿ ಮುದ್ರಿಸಿದ ಮೂಲ ಧ್ವನಿಗಳೇ 230 ಗಿಗಾಬೈಟ್‌ನಷ್ಟಿವೆ. ಎರಡನೆಯದು ಲೇಟೆನ್ಸಿ, ಅಂದರೆ ಏಟಿಗೂ ಸದ್ದಿಗೂ ನಡುವಿನ ವಿಳಂಬ. 44,100 ಹರ್ಟ್ಸ್‌ನಲ್ಲಿ 128 ಸ್ಯಾಂಪಲ್‌ಗಳ ಬಫರ್ (ಕಂಪ್ಯೂಟರ್ ಒಮ್ಮೆಗೆ ಸಿದ್ಧಪಡಿಸುವ ಧ್ವನಿಯ ತುಣುಕು) ಎಂದರೆ ಸುಮಾರು 3 ಮಿಲಿಸೆಕೆಂಡು, 512 ಎಂದರೆ ಸುಮಾರು 12. ಗಾಳಿಯಲ್ಲಿ ಸದ್ದು ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡು ಬೇಕಾಗುವುದರಿಂದ ಮೊದಲನೆಯದು ಯಾರಿಗೂ ತಿಳಿಯುವುದಿಲ್ಲ. ಎರಡನೆಯದಕ್ಕೆ ಟ್ರಿಗರ್ ಮತ್ತು ಮಿಡಿಯ ವಿಳಂಬವೂ ಸೇರಿದಾಗ ಡ್ರಮ್ ನಾಲ್ಕೈದು ಮೀಟರ್ ದೂರದಿಂದ ಉತ್ತರಿಸಿದಂತಾಗುತ್ತದೆ.

ಕೊನೆಯದಾಗಿ ನೆಲ. ಮೆಶ್ ಹೆಡ್ ಕೋಣೆಯೊಳಗೆ ಮೌನವಾಗಿದ್ದರೂ ಕಿಕ್ ಪೆಡಲಿನ ಏಟು ನೆಲದ ಕಾಂಕ್ರೀಟಿನ ಮೂಲಕ ಕೆಳಗಿನ ಮನೆಯ ಸೂರಿಗೆ ಹೋಗಿ ಬಡಿಯುತ್ತದೆ. ರಬ್ಬರ್ ಚಾಪೆಯಿಂದ ಅದು ನಿಲ್ಲುವುದಿಲ್ಲ. ಎರಡು ದಪ್ಪ ಪ್ಲೈವುಡ್ ಹಲಗೆಗಳ ನಡುವೆ ಟೆನಿಸ್ ಚೆಂಡುಗಳನ್ನು ಸಾಲಾಗಿ ಕೂರಿಸಿ, ಗೋಡೆಗೆ ತಾಕದಂತೆ ಇಟ್ಟ ವೇದಿಕೆ ಇದನ್ನು ಗಣನೀಯವಾಗಿ ತಗ್ಗಿಸುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿರುವವರು ಸೆಟ್ಟಿನ ಬೆಲೆಯ ಜತೆಗೇ ಈ ವೇದಿಕೆಯ ಖರ್ಚನ್ನೂ ಸೇರಿಸಿಕೊಳ್ಳಲಿ; ಕಟ್ಟಿದ ಮೇಲೆ ಬೇರೊಬ್ಬರಿಂದ ಪೆಡಲ್ ತುಳಿಸಿ, ತಾವೇ ಕೆಳಗಿನ ಮನೆಗೆ ಹೋಗಿ ನಿಂತು ಕೇಳಿ ಬರಲಿ.