ಮುಪ್ಪನ್ನು ಯಾರೂ ಲೆಕ್ಕಕ್ಕೆ ಹಿಡಿಯದ ಜೀವ

ಎಲ್ಲರಿಗೂ ನಮಸ್ಕಾರ. ಸಾಕಿದವರು ಕೈಬಿಟ್ಟ ಗಿನಿಪಿಗ್‌ಗಳನ್ನು ನೋಡಿಕೊಂಡು, ಅವಕ್ಕೆ ಹೊಸ ಮನೆ ಹುಡುಕಿಕೊಡುವವಳು ನಾನು. ಮುಂದಿನ ಸಾಲಿನಲ್ಲಿ ಕುಳಿತ ಮಕ್ಕಳು ಬಂದಾಗಿನಿಂದ ಮೇಜಿನ ಕೆಳಗೆ ಬಗ್ಗಿ ಬಗ್ಗಿ ನೋಡುತ್ತಿದ್ದಾರೆ. ನಮ್ಮ ಮನೆಯ ಗಿನಿಪಿಗ್ ಕೆಂಚಿಯನ್ನು ಕರೆದುಕೊಂಡು ಬಂದಿರಬಹುದು ಎಂಬ ಆಸೆ ಅವರಿಗೆ. ಅವಳನ್ನು ತಂದಿಲ್ಲ, ಮಕ್ಕಳೇ. ಇಷ್ಟು ಜನ, ಮೈಕು, ಚಪ್ಪಾಳೆ, ಇವುಗಳ ನಡುವೆ ಅವಳನ್ನು ತಂದಿಟ್ಟರೆ ಮನೆಗೆ ಹೋದ ಮೇಲೂ ಅವಳು ಹುಲ್ಲು ಮುಟ್ಟುವುದಿಲ್ಲ. ಒಂದು ದಿನ ಹುಲ್ಲು ಮುಟ್ಟದ ಗಿನಿಪಿಗ್‌ನ ಕರುಳು ನಿಂತುಹೋಗುವ ಅಪಾಯವಿದೆ. ಅದಕ್ಕೇ ಅವಳ ಬದಲಿಗೆ ಈ ಚೀಲವನ್ನು ತಂದಿದ್ದೇನೆ. ಇದರಲ್ಲಿ ಮೂರು ಕಿಲೋ ಸೋನಾ ಮಸೂರಿ ಅಕ್ಕಿಯಿದೆ. ಒಬ್ಬರಿಂದ ಒಬ್ಬರಿಗೆ ದಾಟಿಸಿ, ಎರಡೂ ಕೈಯಲ್ಲಿ ಎತ್ತಿ ನೋಡಿ. ಅಂಗಡಿಯಲ್ಲಿ ನೀವು ನೋಡಿರುವ ಗಿನಿಪಿಗ್ ಬೆಳೆದು ದೊಡ್ಡದಾದರೂ ಒಂದು ಕಿಲೋದ ಆಸುಪಾಸು ತೂಗುತ್ತದೆ. ಕೆಂಚಿ ಈ ಚೀಲದಷ್ಟಿದ್ದಾಳೆ.

ಅವಳ ಜಾತಿಯವರನ್ನು ಕುಯ್ ಎನ್ನುತ್ತಾರೆ. ಆಂಡೀಸ್ ಪರ್ವತಗಳ ಕೆಚುವಾ ಭಾಷೆಯ ಮಾತು ಇದು, ಪ್ರಾಣಿಯ ದನಿಯಿಂದಲೇ ಹುಟ್ಟಿದ್ದೆಂದು ಹೇಳುತ್ತಾರೆ. ನಾಯಿಮರಿ ಕುಂಯ್‌ಗುಟ್ಟಿತು ಎಂದು ನಾವೂ ಹೇಳುತ್ತೇವಲ್ಲ, ಹಾಗೆ. ‘ಗಿನಿ ಹಂದಿ’ ಎಂಬ ಹೆಸರಿನಲ್ಲಿ ಗಿನಿ ದೇಶವೂ ಸುಳ್ಳು, ಹಂದಿಯೂ ಸುಳ್ಳು. ‘ಕುಯ್’ ಎಂಬುದರಲ್ಲಿ ಕನಿಷ್ಠ ಅದರ ಗಂಟಲಾದರೂ ನಿಜ.

ಈ ಪ್ರಾಣಿಯನ್ನು ಮನುಷ್ಯರು ಮೊದಲು ಸಾಕಿದ್ದು ಮಡಿಲಲ್ಲಿ ಕೂರಿಸಿಕೊಳ್ಳಲು ಅಲ್ಲ. ಪೆರು, ಬೊಲಿವಿಯಾ, ಈಕ್ವೆಡಾರ್‌ಗಳ ಬೆಟ್ಟದ ಮನೆಗಳಲ್ಲಿ ಸಾವಿರಾರು ವರ್ಷಗಳಿಂದ ಅದು ಅಡುಗೆಮನೆಯ ನೆಲದ ಮೇಲೆ, ಒಲೆಯ ಬಿಸುಪಿನಲ್ಲಿ, ಆಲೂಗಡ್ಡೆಯ ಸಿಪ್ಪೆ ಮತ್ತು ಜೋಳದ ಎಲೆ ತಿಂದು ಬೆಳೆದಿದೆ. ದನ ಕಟ್ಟಲು ಜಾಗವಿಲ್ಲದ, ಅಂಗೈಯಗಲದ ಹೊಲವಿರುವವರಿಗೆ ಅದೇ ಮಾಂಸ, ಅದೇ ಹಬ್ಬದೂಟ, ಅದೇ ನಾಟಿ ವೈದ್ಯರ ಕೈಯಲ್ಲಿ ರೋಗ ಪತ್ತೆ ಮಾಡುವ ಸಾಧನ. ಪೆರುವಿನ ಕುಸ್ಕೊ ನಗರದ ದೊಡ್ಡ ಇಗರ್ಜಿಯಲ್ಲಿ ಮಾರ್ಕೋಸ್ ಸಪಾತಾ ಎಂಬ ಕಲಾವಿದ 18ನೇ ಶತಮಾನದಲ್ಲಿ ಬರೆದ ಯೇಸುವಿನ ಕೊನೆಯ ಭೋಜನದ ಚಿತ್ರವಿದೆ. ಅದರಲ್ಲಿ ಯೇಸುವಿನ ಮುಂದಿನ ತಟ್ಟೆಯಲ್ಲಿ ಕಾಲು ಮೇಲೆ ಮಾಡಿ ಮಲಗಿರುವುದು ಕುಯ್ ಎಂದೇ ಹೆಚ್ಚಿನವರು ಗುರುತಿಸುತ್ತಾರೆ. ಆ ಜನರ ಊಟವನ್ನು ಹೀನಾಯವಾಗಿ ಕಾಣುವ ಮಾತು ನನ್ನ ಬಾಯಿಂದ ಬರುವುದಿಲ್ಲ. ನಿಮ್ಮ ಬಾಯಿಂದಲೂ ಬರಬಾರದೆಂದು ಕೇಳಿಕೊಳ್ಳುತ್ತೇನೆ. ಮಾಂಸ ಮುಟ್ಟದ ಮನೆಯಿಂದ ಬಂದವಳು ನಾನು, ಆದರೂ ಇದನ್ನು ಹೇಳುತ್ತಿದ್ದೇನೆ.

ದೊಡ್ಡ ಗಾತ್ರ ಬಂದದ್ದು ತೀರ ಈಚೆಗೆ. 1960ರ ದಶಕದಿಂದ ಪೆರುವಿನ ರಾಜಧಾನಿ ಲಿಮಾದ ಲಾ ಮೊಲಿನಾ ಎಂಬಲ್ಲಿ ವಿಜ್ಞಾನಿಗಳು ಬೆಟ್ಟದ ಊರುಗಳಿಂದ ಕುಯ್‌ಗಳನ್ನು ಒಟ್ಟುಮಾಡಿ, ತಲೆಮಾರಿನಿಂದ ತಲೆಮಾರಿಗೆ ಆಯ್ದು ಬೆಳೆಸಿದರು. ಪೆರು, ಆಂದೀನಾ, ಇಂತಿ ಎಂಬ ತಳಿಗಳು ಹೀಗೆ ಹುಟ್ಟಿದವು. ಪೆರು ತಳಿಯದು ಕೆಂಪು–ಬಿಳಿ ಮೈ. ಎಂಟು ವಾರಕ್ಕೆಲ್ಲ ಕಿಲೋದ ಹತ್ತಿರ ಬರುವಂತೆ ಅದನ್ನು ತಿದ್ದಲಾಗಿದೆ. ಬಡ ರೈತನ ದೃಷ್ಟಿಯಿಂದ ಇದು ದೊಡ್ಡ ಉಪಕಾರ, ಅನುಮಾನವೇ ಇಲ್ಲ. ಆದರೆ ಆ ಎಂಟು ವಾರಗಳ ಆಚೆ, ಎರಡನೆಯ ವರ್ಷದಲ್ಲಿ, ನಾಲ್ಕನೆಯ ವರ್ಷದಲ್ಲಿ ಈ ದೇಹ ಹೇಗಿರುತ್ತದೆ ಎಂದು ಲೆಕ್ಕ ಹಾಕುವ ಅಗತ್ಯವೇ ಯಾರಿಗೂ ಬಂದಿರಲಿಲ್ಲ. ಆ ಲೆಕ್ಕ ಈಗ ನಮ್ಮಂಥವರ ಮನೆಯಲ್ಲಿ, ಟವೆಲಿನ ಮೇಲೆ, ದಿನಕ್ಕೊಂದು ಅಂಕಿಯಂತೆ ಬರೆಯಲ್ಪಡುತ್ತಿದೆ.

ಕೆಂಚಿ ನಮ್ಮಲ್ಲಿಗೆ ಬಂದದ್ದು ಬಾಳೆಹಣ್ಣಿನ ರಟ್ಟಿನ ಪೆಟ್ಟಿಗೆಯಲ್ಲಿ. ಇದೇ ಕ್ಯಾಲಿಫೋರ್ನಿಯಾದಲ್ಲಿ, ವಾರದ ಸಂತೆಯೊಂದರಲ್ಲಿ ಒಂದು ಕುಟುಂಬ ಅವಳನ್ನು ಮಗುವಿನ ಹುಟ್ಟುಹಬ್ಬಕ್ಕೆಂದು ಕೊಂಡಿತ್ತು. ‘ದೈತ್ಯ ಗಿನಿಪಿಗ್, ಮೊಲದ ಹಾಗೆ ಸಾಧು’ ಎಂದು ಮಾರಿದವರು ಹೇಳಿದ್ದರಂತೆ. ಮೂರು ವಾರ ಅವಳು ಯಾರ ಕೈಗೂ ಸಿಗಲಿಲ್ಲ. ಹಿಡಿಯಲು ಹೋದ ಹುಡುಗನ ಎದೆಯನ್ನು ಒದ್ದು ಹಾರಿದಾಗ ತಾಯಿ ನನಗೆ ಕರೆ ಮಾಡಿದರು. ಪೆಟ್ಟಿಗೆ ತೆರೆದಾಗ ನಾನು ಮೊದಲು ನೋಡಿದ್ದು ಪಾದಗಳನ್ನು. ಗಿನಿಪಿಗ್‌ಗೆ ಮುಂಗಾಲಲ್ಲಿ ನಾಲ್ಕು, ಹಿಂಗಾಲಲ್ಲಿ ಮೂರು ಬೆರಳು. ಕೆಂಚಿಯ ಹಿಂಗಾಲೊಂದರಲ್ಲಿ ಐದಿದ್ದವು. ಹೆಚ್ಚಿನ ಬೆರಳು ಈ ತಳಿಗಳಲ್ಲಿ ಅಪರೂಪವಲ್ಲ. ನೆಲಕ್ಕೆ ತಾಗದ ಆ ಬೆರಳಿನ ಉಗುರು ಸವೆಯುವುದಿಲ್ಲ, ಬಳೆಯ ಹಾಗೆ ಸುತ್ತಿ ಮಾಂಸಕ್ಕೇ ಇಳಿಯುತ್ತದೆ. ಅವಳ ಉಗುರು ಇಳಿದಿತ್ತು. ಅಂಗಾಲು ಕೆಂಪಗೆ ಊದಿತ್ತು. ತಂತಿಯ ತಳದ ಪಂಜರದಲ್ಲಿ ಮೂರು ಕಿಲೋ ಭಾರ ಹೊತ್ತು ನಿಂತ ಕಾಲುಗಳು ಅವು.

ಎರಡನೆಯದಾಗಿ ಹೊಟ್ಟೆ ಮುಟ್ಟಿ ನೋಡಿದೆ. ಸಂತೆಯಿಂದಾಗಲಿ ಅಂಗಡಿಯಿಂದಾಗಲಿ ಬಂದ ಹೆಣ್ಣು ಬಸುರಿಯೆಂದೇ ಮೊದಲು ಭಾವಿಸಬೇಕು, ಅಲ್ಲವೆಂದು ವೈದ್ಯರೇ ಹೇಳಲಿ. ಗಂಡುಮರಿ ಮೂರು ವಾರಕ್ಕೇ ತಾಯಿಯನ್ನೂ ತಂಗಿಯನ್ನೂ ಬಸುರಾಗಿಸಬಲ್ಲದು. ಹೆತ್ತ ಕೆಲವೇ ಗಂಟೆಗಳಲ್ಲಿ ತಾಯಿ ಮತ್ತೆ ಬೆದೆಗೆ ಬರುತ್ತಾಳೆ. ಎರಡು ಇದ್ದದ್ದು ವರ್ಷದೊಳಗೆ ಇಪ್ಪತ್ತಾಗುವುದು ಹೀಗೆ, ಆ ಇಪ್ಪತ್ತರಲ್ಲಿ ಹದಿನೆಂಟು ನಮ್ಮ ಬಾಗಿಲಿಗೆ ಬರುವುದೂ ಹೀಗೆ. ಇನ್ನೊಂದು ಮಾತು: ಆರೆಂಟು ತಿಂಗಳೊಳಗೆ ಒಮ್ಮೆಯೂ ಹೆರದ ಹೆಣ್ಣಿನ ಸೊಂಟದ ಮೂಳೆ ಬೆಸೆದುಕೊಂಡುಬಿಡುತ್ತದೆ. ಆಮೇಲೆ ಬಸುರಾದರೆ ಮರಿ ಹೊರಗೆ ಬರಲು ದಾರಿಯಿಲ್ಲದೆ ತಾಯಿಯೂ ಮರಿಯೂ ಸಾಯಬಹುದು. ‘ಒಂದು ಸಲ ಮರಿ ಹಾಕಿಸೋಣ, ಮಕ್ಕಳು ನೋಡಲಿ’ ಎನ್ನುವ ತಂದೆತಾಯಿಗೆ ನಾನು ಇದನ್ನು ಬಿಡಿಸಿ ಹೇಳುತ್ತೇನೆ. ಕೆಂಚಿ ಹೊಟ್ಟೆಯಲ್ಲಿ ನಾಲ್ಕು ಮರಿಗಳಿದ್ದವು. ಎರಡು ತಿಂಗಳಿಗೂ ಮೀರಿ ಹೊತ್ತ ಮರಿಗಳಾದ್ದರಿಂದ ಕಣ್ಣು ತೆರೆದು, ಮೈತುಂಬ ಕೂದಲಿಟ್ಟುಕೊಂಡು ಹುಟ್ಟಿದವು. ಮೂರು ಎದ್ದು ಓಡಿದವು. ನಾಲ್ಕನೆಯದನ್ನು ಅವಳು ಬಹಳ ಹೊತ್ತು ನೆಕ್ಕಿದಳು. ಅದು ಏಳಲಿಲ್ಲ.

ಊಟದ ವಿಷಯ. ಇಲ್ಲಿ ಗುಟ್ಟೇನೂ ಇಲ್ಲ, ಆದರೆ ಎಲ್ಲರೂ ತಪ್ಪುವುದು ಇಲ್ಲಿಯೇ. ಹಲ್ಲುಗಳು ಸಾಯುವವರೆಗೂ ಬೆಳೆಯುತ್ತಿರುತ್ತವೆ, ಒಣಹುಲ್ಲನ್ನು ದಿನವಿಡೀ ಅಗಿದರೆ ಮಾತ್ರ ಸವೆಯುತ್ತವೆ. ಆದ್ದರಿಂದ ಟಿಮೊಥಿ ಎಂಬ ಒಣಹುಲ್ಲು ಹಗಲೂ ರಾತ್ರಿಯೂ ಮುಂದೆ ಇರಬೇಕು. ನಮ್ಮ ಕಡೆ ಕುದುರೆ ಮಸಾಲೆ ಸೊಪ್ಪು ಎನ್ನುತ್ತಾರಲ್ಲ, ಲೂಸರ್ನ್, ಅದು ಬೆಳೆಯುವ ಮರಿಗೂ ಬಸುರಿಗೂ ಒಳ್ಳೆಯದು. ಬೆಳೆದ ಪ್ರಾಣಿಗೆ ದಿನವೂ ಕೊಟ್ಟರೆ ಅದರ ಕ್ಯಾಲ್ಸಿಯಂ ಮೂತ್ರಕೋಶದಲ್ಲಿ ಕಲ್ಲಾಗಬಹುದು. ‘ದೊಡ್ಡ ಪ್ರಾಣಿ, ಹೆಚ್ಚು ಕಾಳು ಬೇಕು’ ಎಂದು ಬಟ್ಟಲು ತುಂಬಿಸಬೇಡಿ. ಆ ದೇಹ ಮೊದಲೇ ಕೊಬ್ಬಲೆಂದು ಹುಟ್ಟಿದ್ದು.

ವಿಟಮಿನ್ ಸಿ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ. ನಾಯಿ, ಬೆಕ್ಕು, ಹಸು ತಮ್ಮ ಮೈಯಲ್ಲೇ ಅದನ್ನು ತಯಾರಿಸಿಕೊಳ್ಳುತ್ತವೆ. ನಮಗೂ ಗಿನಿಪಿಗ್‌ಗೂ ಆ ಶಕ್ತಿಯಿಲ್ಲ. 1907ರಲ್ಲಿ ನಾರ್ವೆಯ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೊಡೊರ್ ಫ್ರೋಲಿಕ್ ಬರೀ ಧಾನ್ಯ ತಿನ್ನಿಸಿದ ಗಿನಿಪಿಗ್‌ಗಳಿಗೆ ನಾವಿಕರನ್ನು ಕೊಲ್ಲುತ್ತಿದ್ದ ಸ್ಕರ್ವಿ ರೋಗವೇ ಬಂದದ್ದನ್ನು ತೋರಿಸಿದರು. ಆ ರೋಗದ ಮೂಲ ಆಹಾರದಲ್ಲಿದೆ ಎಂಬುದು ಗಟ್ಟಿಯಾದದ್ದು ಈ ಪ್ರಾಣಿಗಳ ಒಸಡು, ಕೀಲುಗಳ ರಕ್ತದಿಂದ. ನಾವು ಅವಕ್ಕೆ ಸಾಲಗಾರರು ಎಂದು ನಾನು ಮನಸಾರೆ ನಂಬುತ್ತೇನೆ. ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 10ರಿಂದ 30 ಮಿಲಿಗ್ರಾಂ ಬೇಕು. ಕಿಲೋ ಲೆಕ್ಕ ಎಂಬುದನ್ನು ಮರೆಯಬೇಡಿ. ಸಣ್ಣ ಗಿನಿಪಿಗ್‌ಗೆ ಸಾಕಾಗುವ ಒಂದು ಹೋಳು ದೊಣ್ಣೆ ಮೆಣಸಿನಕಾಯಿ ಕೆಂಚಿಗೆ ಸಾಲದು, ಅವಳಿಗೆ ಮೂರು ಹೋಳು, ಜೊತೆಗೆ ಕೊತ್ತಂಬರಿ ಸೊಪ್ಪು. ನೀರಿಗೆ ಬೆರೆಸುವ ಹನಿ ಕೊಳ್ಳಬೇಡಿ, ನೀರಿನಲ್ಲಿ ಅದು ಬೇಗ ಸತ್ವ ಕಳೆದುಕೊಳ್ಳುತ್ತದೆ.

ಜಾಗ ವಿಶಾಲವಾಗಿರಲಿ, ತಳ ಮೆತ್ತಗಿರಲಿ, ಗೋಡೆ ಎತ್ತರವಾಗಿರಲಿ. ಹೆದರಿದ ಕುಯ್ ಹಾರುವ ಎತ್ತರ ನೋಡಿದರೆ ಬೆರಗಾಗುತ್ತೀರಿ. ಒಂಟಿಯಾಗಿ ಇಡಬೇಡಿ, ಸ್ವಿಟ್ಜರ್‌ಲೆಂಡಿನಲ್ಲಿ 2008ರಿಂದ ಅದಕ್ಕೆ ಕಾನೂನಿನ ತಡೆಯೇ ಇದೆ. ಇನ್ನು ಕಾಯಿಲೆ ಬಿದ್ದಾಗ ಮನೆಯಲ್ಲಿರುವ ಅಮಾಕ್ಸಿಸಿಲಿನ್ ಕುಡಿಸುವ ಕೆಲಸ ಎಂದಿಗೂ ಮಾಡಬೇಡಿ. ಪೆನ್ಸಿಲಿನ್ ಗುಂಪಿನ ಔಷಧ ಹೊಟ್ಟೆಗೆ ಹೋದರೆ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು, ವಿಷಕಾರಿ ಜೀವಿಗಳು ಬೆಳೆದು ಕೆಲವೇ ದಿನಗಳಲ್ಲಿ ಪ್ರಾಣ ಹೋಗುತ್ತದೆ. ನಾಯಿ–ಬೆಕ್ಕು ಮಾತ್ರ ನೋಡುವ ಒಬ್ಬ ವೈದ್ಯರು ಒಮ್ಮೆ ನಮ್ಮ ಗಂಡೊಂದಕ್ಕೆ ಇದನ್ನೇ ಬರೆದುಕೊಟ್ಟಿದ್ದರು. ಆಗ ನನಗೆ ತಿಳಿದಿರಲಿಲ್ಲ. ಅದರ ಹೆಸರು ಭೀಮ. ಅಂದಿನಿಂದ ಇಂಥ ಸಣ್ಣ ಪ್ರಾಣಿಗಳಲ್ಲಿ ಪಳಗಿದ ವೈದ್ಯರ ದೂರವಾಣಿ ಸಂಖ್ಯೆ ಇಲ್ಲದ ಮನೆಗೆ ನಾನು ಪ್ರಾಣಿ ಕೊಡುವುದಿಲ್ಲ.

ಈಗ ಭಯದ ಮಾತು. ಕುಯ್ ಮುದ್ದಿಸಿಕೊಳ್ಳುವುದಿಲ್ಲ, ಕೆಟ್ಟ ಸ್ವಭಾವದ್ದು ಎಂದು ಬರೆದು ಒಪ್ಪಿಸಿ ಹೋದವರ ಚೀಟಿಗಳು ನನ್ನಲ್ಲಿವೆ. ಸ್ವಭಾವ ಕೆಟ್ಟದ್ದಲ್ಲ. ಪುಟ್ಟ ಗಿನಿಪಿಗ್‌ಗಳನ್ನು ಯುರೋಪಿನಲ್ಲಿ ನಾಲ್ಕು ಶತಮಾನ ಮಡಿಲಿಗಾಗಿ ಆಯ್ದರು, ಇವನ್ನು ತೂಕಕ್ಕಾಗಿ ಆಯ್ದರು. ಮೇಲಿನಿಂದ ಇಳಿಯುವ ಕೈ ಎಂದರೆ ಇವಕ್ಕೆ ಒಂದೇ ಅರ್ಥ. ಕೆಂಚಿ ಬಂದ ಮೇಲೆ ನಾನು ಪ್ರತಿ ಸಂಜೆ ಪಂಜರದ ಪಕ್ಕ ನೆಲದ ಮೇಲೆ ಚಾಪೆ ಹಾಸಿ, ಅವಳಿಗೆ ಬೆನ್ನು ಮಾಡಿ ಮಲಗಿ, ಊರಿನ ಕನ್ನಡ ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದೆ. ಮಳೆ, ಜಲಾಶಯದ ಮಟ್ಟ, ಅಡಿಕೆ ಧಾರಣೆ. ಹಿಂದಕ್ಕೆ ಚಾಚಿದ ಅಂಗೈಯಲ್ಲಿ ಒಂದು ಎಸಳು ಕೊತ್ತಂಬರಿ ಇರುತ್ತಿತ್ತು. ಮೊದಲ ವಾರ ಸದ್ದೇ ಇಲ್ಲ. ಮೂರನೆಯ ವಾರ ಹುಲ್ಲು ಅಗಿಯುವ ಸದ್ದು ನಾನಿರುವಾಗಲೇ ಕೇಳಿಸಿತು. ನಲವತ್ತೊಂದನೆಯ ಸಂಜೆ ಅಂಗೈಗೆ ಬಿಸಿ ಉಸಿರು ತಾಗಿತು, ಮೀಸೆ ಕಚಗುಳಿಯಿಟ್ಟಿತು, ಎಸಳು ಮೆಲ್ಲಗೆ ಜಾರಿಹೋಯಿತು. ನಾನು ತಿರುಗಲಿಲ್ಲ. ಅಡಿಕೆ ಧಾರಣೆಯನ್ನೇ ಮತ್ತೊಮ್ಮೆ ಓದಿದೆ.

ಇವತ್ತಿಗೆ ಅವಳಿಗೆ ನಾಲ್ಕು ವರ್ಷವಿರಬಹುದು. ಸಣ್ಣ ಗಿನಿಪಿಗ್ ಐದರಿಂದ ಎಂಟು ವರ್ಷ ಬಾಳುತ್ತದೆ, ಕುಯ್ ಅಷ್ಟು ಬಾಳುವುದು ಕಡಿಮೆ. ಬೆನ್ನಿನ ಮೇಲೆ ನಿಂಬೆ ಬೀಜದಷ್ಟು ಗಂಟೊಂದು ಎದ್ದಿದೆ. ವೈದ್ಯರು ಸದ್ಯ ಮುಟ್ಟುವುದು ಬೇಡ ಎಂದಿದ್ದಾರೆ. ಹಿಂಗಾಲು ಬೆಳಿಗ್ಗೆ ಬಿಗಿಯುತ್ತದೆ. ಪ್ರತಿ ಭಾನುವಾರ ಅಡುಗೆಮನೆಯ ತಕ್ಕಡಿಯ ಮೇಲೆ ಅಗಲದ ತಟ್ಟೆ ಇಟ್ಟು ಅವಳನ್ನು ತೂಗಿ ಪುಸ್ತಕದಲ್ಲಿ ಬರೆಯುತ್ತೇನೆ. ಕಳೆದ ತಿಂಗಳಿನಿಂದ ತೂಕ ಸ್ವಲ್ಪ ಸ್ವಲ್ಪವೇ ಇಳಿಯುತ್ತಿದೆ.

ಅಕ್ಕಿಯ ಚೀಲ ಕೊನೆಯ ಸಾಲಿಗೆ ಮುಟ್ಟಿತೇ? ಅದನ್ನು ಅಲ್ಲೇ ಬಾಗಿಲ ಬಳಿ ಇಟ್ಟುಬಿಡಿ, ನಾಳೆಯ ಅನ್ನದಾನಕ್ಕೆ ಹೋಗುತ್ತದೆ. ಕೆಂಚಿಯ ಗಂಡುಮಕ್ಕಳಿಬ್ಬರಿಗೆ ಮನೆ ಬೇಕಾಗಿದೆ, ಅಣ್ಣತಮ್ಮ ಇಬ್ಬರನ್ನೂ ಒಟ್ಟಿಗೇ ಕೊಡುತ್ತೇನೆ. ಇಬ್ಬರಿಗೂ ಗಂಡುಬೀಜ ತೆಗೆಸಿ ಆಗಿದೆ. ಆಸಕ್ತಿ ಇರುವವರು ಹೊರಗೆ ಕಾಫಿಯ ಹತ್ತಿರ ನನ್ನನ್ನು ಕಾಣಿ. ಮೊದಲ ನಾಲ್ಕು ಶನಿವಾರ ನಮ್ಮ ಮನೆಗೆ ಬಂದು ಚಾಪೆಯ ಮೇಲೆ ಸುಮ್ಮನೆ ಕುಳಿತಿರಬೇಕು, ಮುಟ್ಟುವಂತಿಲ್ಲ. ಓದಲು ಏನಾದರೂ ತನ್ನಿ.