ಗುಂಡಿಯೊಳಗಿನ ನಗು ಗೋಡೆಗೆ ಬಂದಾಗ

ಎಲ್ಲರಿಗೂ ನಮಸ್ಕಾರ.

ಹಳೆಯ ಯುದ್ಧಕಾಲದ ಕಾರ್ಟೂನ್‌ಗಳಿಗೆ ಫ್ರೇಮ್ ಹಾಕಿಸಿ ಮನೆ ಗೋಡೆಗೆ ತೂಗುಹಾಕುವವರಲ್ಲಿ ನಾನೂ ಒಬ್ಬ. ಅಷ್ಟೊಂದು ಜನ ಸತ್ತ ಯುದ್ಧದ ಚಿತ್ರವನ್ನು ಸೋಫಾದ ಮೇಲೆ ಅಲಂಕಾರಕ್ಕೆ ಹಾಕೋದಾ ಅಂತ ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಧಾರಾಳವಾಗಿ ಹಾಕಿ, ಆದರೆ ಚಿತ್ರದ ಕೆಳಗಿನ ಮಾತನ್ನೂ ಇಸವಿಯನ್ನೂ ಕತ್ತರಿಸಬೇಡಿ ಅನ್ನೋದು ನನ್ನ ಉತ್ತರ. ಯಾಕೆ ಅಂತ ಹೇಳುತ್ತೇನೆ.

ಮೊದಲ ಮಹಾಯುದ್ಧದಿಂದ ಶುರು ಮಾಡೋಣ. ಬ್ರಿಟಿಷ್ ಕಾರ್ಟೂನಿಸ್ಟ್ ಬ್ರೂಸ್ ಬೇರ್ನ್ಸ್‌ಫಾದರ್ ಹುಟ್ಟಿದ್ದು 1887ರಲ್ಲಿ, ಈಗ ಪಾಕಿಸ್ತಾನದಲ್ಲಿರುವ ಮರ್ರಿ ಎಂಬ ಗಿರಿಧಾಮದಲ್ಲಿ. ರಾಯಲ್ ವಾರ್ವಿಕ್‌ಶೈರ್ ರೆಜಿಮೆಂಟಿನಲ್ಲಿ ಮೆಷಿನ್ ಗನ್ ಅಧಿಕಾರಿಯಾಗಿ ಬೆಲ್ಜಿಯಂನ ಕೆಸರಿಗೆ ಹೋದ. ಅಲ್ಲಿ ಪಾಳುಬಿದ್ದ ಒಂದು ಮನೆಯಲ್ಲಿ ತಂಗಿದ್ದಾಗ ಗೋಡೆಯ ಮೇಲೇ ಚಿತ್ರ ಗೀಚುತ್ತಿದ್ದ, ಜೊತೆಯವರು ನೋಡಿ ನಗುತ್ತಿದ್ದರು. ಆಮೇಲೆ ಒಂದು ಚಿತ್ರವನ್ನು ಲಂಡನ್ನಿನ 'ಬೈಸ್ಟ್ಯಾಂಡರ್' ಪತ್ರಿಕೆಗೆ ಕಳಿಸಿದ. ಅವರು ಅಚ್ಚು ಹಾಕಿ, ಇನ್ನೂ ಬೇಕು ಅಂದರು. ಅಂದರೆ ಈ ಚಿತ್ರಗಳು ಹುಟ್ಟಿದ್ದೇ ಗೋಡೆಯ ಮೇಲೆ. ಯುದ್ಧ ನಡೆಯುತ್ತಿದ್ದಾಗಲೇ ಸ್ಟೋಕ್-ಆನ್-ಟ್ರೆಂಟ್‌ನ ಗ್ರಿಮ್‌ವೇಡ್ಸ್ ಕಂಪನಿ ಅವನ್ನು ತಟ್ಟೆ, ಲೋಟಗಳ ಮೇಲೂ ಮೂಡಿಸಿ ಮಾರಿತು. ಅಲಂಕಾರಕ್ಕೆ ಇಡುವ ಅಭ್ಯಾಸ ನಾವು ಇವತ್ತು ಹುಟ್ಟಿಸಿದ್ದಲ್ಲ.

ಅವನ ಎಲ್ಲಕ್ಕಿಂತ ಹೆಸರಾದ ಚಿತ್ರ 1915ರ ಕೊನೆಗೆ ಬಂತು. ಕತ್ತಲು, ಸುತ್ತ ಶೆಲ್‌ಗಳು ಸಿಡಿಯುತ್ತಿವೆ, ಇಬ್ಬರು ಸಿಪಾಯಿಗಳು ಒಂದು ಗುಂಡಿಯಲ್ಲಿ ಎದೆಮಟ್ಟ ಹುದುಗಿ ಕೂತಿದ್ದಾರೆ. ಕೆಳಗಿನ ಮಾತು: "ಇದಕ್ಕಿಂತ ಒಳ್ಳೆ ಗುಂಡಿ ಗೊತ್ತಿದ್ರೆ ಅಲ್ಲಿಗೇ ಹೋಗು." ಅದೇ ವರ್ಷದ ಏಪ್ರಿಲ್‌ನಲ್ಲಿ, ಈಪ್ರ ಪಟ್ಟಣದ ಬಳಿಯ ಎರಡನೇ ಕಾಳಗದಲ್ಲಿ, ಶೆಲ್ ಸಿಡಿದು ಬೇರ್ನ್ಸ್‌ಫಾದರ್ ತಾನೇ ಆಸ್ಪತ್ರೆ ಸೇರಿದ್ದ. ಪೆಟ್ಟು ತಿಂದವನೇ ಮಾಡಿದ ಜೋಕು ಇದು, ಹಾಗಾಗಿ ಸಿಪಾಯಿಗಳು ಒಪ್ಪಿಕೊಂಡರು.

ನನಗೆ ಇನ್ನೂ ಇಷ್ಟವಾದ ಒಂದಿದೆ. ಇಟ್ಟಿಗೆ ಗೋಡೆ, ಅದರಲ್ಲಿ ಶೆಲ್ ಬಿದ್ದು ಆದ ದೊಡ್ಡ ತೂತು, ಅಲ್ಲೇ ಇಬ್ಬರು. ಹೊಸದಾಗಿ ಬಂದ ಹುಡುಗನಿಗೆ ಮಾತು ಜಾಸ್ತಿ. "ಈ ತೂತು ಯಾರು ಮಾಡಿದ್ದು?" ಅಂತ ಕೇಳುತ್ತಾನೆ. ಬೇಸತ್ತು ಹೋಗಿರುವ ಹಳಬನ ಉತ್ತರ: "ಇಲಿಗಳು." ಅಷ್ಟೇ. ಈ ಚಿತ್ರದ ಕೆಳಗಿನ ಸಾಲು ಕತ್ತರಿಸಿ ನೋಡಿ, ಏನು ಉಳಿಯುತ್ತೆ? ಮುರಿದ ಗೋಡೆ, ಇಬ್ಬರು ಮನುಷ್ಯರು. ಸಾಲು ಇದ್ದರೆ ಆ ದಣಿವು ಪೂರ್ತಿ ನಮಗೆ ಸಿಗುತ್ತೆ. ಆದರೂ ಫ್ರೇಮಿನ ಅಳತೆಗೆ ಕೂರಲ್ಲ ಅಂತ ಆ ಸಾಲನ್ನೇ ತೆಗೆದು ಪ್ರಿಂಟ್ ಮಾಡುವವರಿದ್ದಾರೆ. ನೋಡಿದರೆ ಹೊಟ್ಟೆ ಉರಿಯುತ್ತೆ.

ಎರಡನೇ ಮಹಾಯುದ್ಧದ ಹೊತ್ತಿಗೆ ಕಾರ್ಟೂನು ಸರ್ಕಾರದ ಪೋಸ್ಟರೇ ಆಯಿತು. ಫುಗಾಸ್ ಎಂಬ ಹೆಸರಲ್ಲಿ ಬರೆಯುತ್ತಿದ್ದ ಸಿರಿಲ್ ಕೆನೆತ್ ಬರ್ಡ್ 1915ರಲ್ಲಿ ಟರ್ಕಿಯ ಗಲಿಪೊಲಿಯಲ್ಲಿ ಬೆನ್ನುಮೂಳೆಗೆ ಗಾಯವಾಗಿ ಉಳಿದು ಬಂದವನು. 1940ರಲ್ಲಿ ಬ್ರಿಟನ್ನಿನ ಮಾಹಿತಿ ಸಚಿವಾಲಯಕ್ಕೆ, ಎಲ್ಲೆಂದರಲ್ಲಿ ಮಾತಾಡಿದರೆ ಜೀವ ಹೋಗುತ್ತೆ ಎಂಬ ಎಚ್ಚರಿಕೆಯ ಪೋಸ್ಟರ್‌ಗಳ ಸರಣಿ ಬರೆದುಕೊಟ್ಟ. ಕೆಂಪು ಅಂಚು, ಒಳಗೆ ಬೇಕಾದಷ್ಟು ಬಿಳಿ ಜಾಗ, ನಾಲ್ಕೇ ಗೆರೆಯ ಮನುಷ್ಯರು. ಒಂದರಲ್ಲಿ ಇಬ್ಬರು ಹೆಂಗಸರು ಹರಟುತ್ತಿದ್ದಾರೆ, ಹಿಂದಿನ ಸೀಟಿನಲ್ಲಿ ಹಿಟ್ಲರ್ ಮತ್ತು ಅವನ ವಾಯುಪಡೆಯ ಮುಖ್ಯಸ್ಥ ಗೋರಿಂಗ್. ಇನ್ನೊಂದರಲ್ಲಿ ಗೋಡೆಗೆ ಅಂಟಿಸಿದ ಕಾಗದದ ವಿನ್ಯಾಸವನ್ನು ಹತ್ತಿರ ಹೋಗಿ ನೋಡಿದರೆ ಸಾಲುಸಾಲಾಗಿ ಹಿಟ್ಲರನ ಮುಖ. ಗೋಡೆಗೂ ಕಿವಿ ಇರುತ್ತೆ ಅಲ್ವಾ! ಹೆದರಿಸುವ ಪೋಸ್ಟರ್ ಕಂಡರೆ ಜನ ಮುಖ ತಿರುಗಿಸುತ್ತಾರೆ, ನಗಿಸುವುದರ ಮುಂದೆ ನಿಲ್ಲುತ್ತಾರೆ. ಅಷ್ಟೊಂದು ಖಾಲಿ ಜಾಗ ಬಿಟ್ಟ ಈ ಚಿತ್ರಗಳು ಇವತ್ತಿನ ಸಣ್ಣ ಫ್ಲ್ಯಾಟಿನ ಗೋಡೆಯಲ್ಲೂ ಚೆನ್ನಾಗಿ ಕೂರುತ್ತವೆ. ದಯವಿಟ್ಟು ಆ ಬಿಳಿ ಜಾಗವನ್ನು ಕತ್ತರಿಸಬೇಡಿ.

ಇಸವಿ ಯಾಕೆ ಬೇಕು ಅನ್ನುವುದಕ್ಕೆ ಅದೇ ಫುಗಾಸ್‌ನ ಮತ್ತೊಂದು ಚಿತ್ರ ನೋಡೋಣ. 1940ರ ಜೂನ್‌ನಲ್ಲಿ ಫ್ರಾನ್ಸ್ ಸೋತಿತು. ಜುಲೈನಲ್ಲಿ ಬ್ರಿಟನ್ನಿನ ಹಾಸ್ಯಪತ್ರಿಕೆ 'ಪಂಚ್'ನಲ್ಲಿ ಇಬ್ಬರು ಸಿಪಾಯಿಗಳ ಮಾತು: "ಪಾಪ, ನಮ್ಮ ಸಾಮ್ರಾಜ್ಯ ಲೋಕದಲ್ಲಿ ಒಂಟಿಯಾಯ್ತಲ್ಲ." "ಹೌದು, ನಾವು ಐವತ್ತು ಕೋಟಿ ಜನವೂ ಒಂಟಿ." ಒಳ್ಳೆಯ ಜೋಕು, ನನಗೂ ನಗು ಬಂತು. ಆದರೆ ಆ ಐವತ್ತು ಕೋಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಮ್ಮವರು. ಮೈಸೂರು, ಧಾರವಾಡ, ಮಂಗಳೂರಿನ ನಮ್ಮ ಅಜ್ಜ ಅಜ್ಜಿಯರೂ ಆ ಲೆಕ್ಕದಲ್ಲಿದ್ದರು. ಭಾರತವೂ ಯುದ್ಧದಲ್ಲಿದೆ ಅಂತ ವೈಸರಾಯ್ ಲಿನ್‌ಲಿತ್‌ಗೋ 1939ರ ಸೆಪ್ಟೆಂಬರ್ 3ರಂದು ಘೋಷಿಸಿದಾಗ ಇಲ್ಲಿನ ನಾಯಕರನ್ನು ಒಂದು ಮಾತೂ ಕೇಳಿರಲಿಲ್ಲ. ಈ ಚಿತ್ರ ಬೆಂಗಳೂರಿನ ಮನೆಯಲ್ಲಿ ನೇತಾಡುವಾಗ ಇಸವಿ ಇರಲೇಬೇಕು. ಇದ್ದರೆ ಮನೆಗೆ ಬಂದವರು ಕೇಳುತ್ತಾರೆ, ನೀವು ಈ ಕಥೆ ಹೇಳಬಹುದು.

ಇನ್ನು ಕೆಲವನ್ನು ನಾನಂತೂ ಹಾಕುವುದಿಲ್ಲ. ಜಪಾನೀಯರನ್ನು ಕೋತಿ, ಇಲಿ ಅಂತ ಬರೆದ ಚಿತ್ರಗಳು ಅಮೆರಿಕದಲ್ಲಿ ರಾಶಿ ರಾಶಿ ಬಂದವು. ಮಕ್ಕಳ ಪುಸ್ತಕಗಳಿಂದ ಲೋಕಕ್ಕೆಲ್ಲ ಪ್ರೀತಿಪಾತ್ರನಾದ ಡಾಕ್ಟರ್ ಸ್ಯೂಸ್ ಕೂಡ ಇಂಥದ್ದು ಬರೆದ. 1942ರ ಫೆಬ್ರವರಿ 13ರ ಅವನ ಕಾರ್ಟೂನಿನಲ್ಲಿ ಅಮೆರಿಕದ ಪಶ್ಚಿಮ ತೀರದ ಜಪಾನಿ ಮೂಲದವರು ಒಂದೇ ಮುಖ ಹೊತ್ತು ಸಾಲಾಗಿ ಸ್ಫೋಟಕ ತೆಗೆದುಕೊಳ್ಳಲು ನಿಂತಿದ್ದಾರೆ. ಆರೇ ದಿನಕ್ಕೆ ಅಧ್ಯಕ್ಷ ರೂಸ್‌ವೆಲ್ಟ್ ಆದೇಶಕ್ಕೆ ಸಹಿ ಹಾಕಿದರು, ಸುಮಾರು 1,20,000 ಜನ ಮನೆಮಠ ಬಿಟ್ಟು ಶಿಬಿರಗಳಿಗೆ ಹೋಗಬೇಕಾಯಿತು. ಗೆರೆ ಎಷ್ಟೇ ಚೆಂದ ಇರಲಿ, ಅದನ್ನು ಮ್ಯೂಸಿಯಂನಲ್ಲಿ, ಪುಸ್ತಕದಲ್ಲಿ ವಿವರದ ಜೊತೆ ನೋಡಬೇಕು. ಊಟದ ಮೇಜಿನ ಮೇಲಲ್ಲ. ಬೇರ್ನ್ಸ್‌ಫಾದರ್ ತನ್ನಂಥವರನ್ನೇ ನೋಡಿ ನಕ್ಕ, ಇಲ್ಲಿ ನಗು ಪಕ್ಕದ ಮನೆಯವರ ಮೇಲೆ ಬಿತ್ತು.

ಕೊನೆಗೆ ಕೈಕೆಲಸದ ವಿಚಾರ. ಹಳೆಯ ಪತ್ರಿಕೆಯ ಹಾಳೆ ನಿಮ್ಮ ಕೈಗೆ ಸಿಕ್ಕಿದ್ದರೆ ಅದನ್ನೇ ನೇತುಹಾಕಬೇಡಿ. ಮರದ ತಿರುಳಿನ ಅಗ್ಗದ ಕಾಗದ ಬೆಳಕಿಗೆ ಹಳದಿಯಾಗಿ ಪುಡಿಪುಡಿಯಾಗುತ್ತೆ. ಸ್ಕ್ಯಾನ್ ಮಾಡಿ, ಪ್ರಿಂಟ್ ಹಾಕಿ, ಅಸಲನ್ನು ಆಮ್ಲವಿಲ್ಲದ ಕಾಗದದಲ್ಲಿ ಸುತ್ತಿಡಿ. ಗಾಜು ಕಾಗದಕ್ಕೆ ತಾಗದ ಹಾಗೆ ಮಧ್ಯೆ ಮೌಂಟ್, ಅಂದರೆ ದಪ್ಪ ರಟ್ಟಿನ ಅಂಚು, ಕೊಡಿಸಿ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲಕ್ಕೆ ತೇವ ಹಿಡಿಯುವ ಹೊರಗೋಡೆ ಬೇಡ, ಬೂಸ್ಟು ಬರುತ್ತೆ.

ಹಕ್ಕಿನ ವಿಷಯವೂ ಇದೆ. ನಮ್ಮ ದೇಶದಲ್ಲಿ ಕಲಾವಿದ ತೀರಿಕೊಂಡ ಮೇಲೆ 60 ವರ್ಷ ಕಾಪಿರೈಟ್ ಇರುತ್ತೆ, ಬ್ರಿಟನ್ನಿನಲ್ಲಿ 70. ಬೇರ್ನ್ಸ್‌ಫಾದರ್ ತೀರಿಕೊಂಡದ್ದು 1959ರಲ್ಲಿ. ಹಾಗಾಗಿ ಇಲ್ಲಿ ಅವನ ಚಿತ್ರ ಮುಕ್ತ, ಲಂಡನ್ನಿನಲ್ಲಿರುವ ಕನ್ನಡಿಗರು ಅಲ್ಲಿ ಪ್ರಿಂಟ್ ಮಾಡಿ ಮಾರುವುದಾದರೆ 2029 ಮುಗಿಯುವವರೆಗೆ ಅನುಮತಿ ಬೇಕು. ಎರಡನೇ ಮಹಾಯುದ್ಧದ ನಡುವೆ, 1942ರಲ್ಲಿ, ರಾಶಿಯವರು (ಡಾ. ಎಂ. ಶಿವರಾಂ) ಶುರು ಮಾಡಿದ ನಮ್ಮ ಕನ್ನಡದ ಹಾಸ್ಯಪತ್ರಿಕೆ 'ಕೊರವಂಜಿ'ಯಲ್ಲಿ ಆರ್. ಕೆ. ಲಕ್ಷ್ಮಣ್ ಬರೆದ ಚಿತ್ರಗಳಿಗೂ ಹಕ್ಕು ಇನ್ನೂ ಇದೆ, ಅವರು ತೀರಿಕೊಂಡದ್ದು 2015ರಲ್ಲಿ. ಹಕ್ಕುದಾರರನ್ನು ಕೇಳಿ, ಕೆಳಗಿನ ಕನ್ನಡದ ಸಾಲಿನ ಸಮೇತ ಅವನ್ನೂ ಯಾರಾದರೂ ಒಳ್ಳೆಯ ಪ್ರಿಂಟ್ ಆಗಿ ತಂದರೆ ಮೊದಲು ಕೊಳ್ಳುವವನು ನಾನೇ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.