ವರ್ಷಕ್ಕೆ 88 ಸೆಂಟ್ ಬಾಡಿಗೆಯ ಕೇರಿ

ಎಲ್ಲರಿಗೂ ನಮಸ್ಕಾರ. ಬಾಡಿಗೆ ವಿಷಯದಿಂದಲೇ ಶುರು ಮಾಡುತ್ತೇನೆ. ಬಾಡಿಗೆ ಅಂದರೆ ಎಲ್ಲರ ಕಿವಿ ನೆಟ್ಟಗಾಗುತ್ತದೆ, ಅಲ್ವಾ?

ಜರ್ಮನಿಯ ಔಗ್ಸ್‌ಬುರ್ಗ್ ಊರಿನಲ್ಲಿ ಫುಗ್ಗೆರಾಯ್ ಅಂತ ಒಂದು ಕೇರಿ ಇದೆ. ಸುತ್ತ ಗೋಡೆ, ಒಳಗೆ ಎಂಟು ಓಣಿ, 67 ಮನೆ, ಸುಮಾರು 140 ಬಿಡಾರ. ಒಂದು ಬಿಡಾರಕ್ಕೆ ಬಾಡಿಗೆ 88 ಸೆಂಟ್, ಅಂದರೆ ಒಂದು ಯೂರೋಗೂ ಕಡಿಮೆ. ತಿಂಗಳಿಗಲ್ಲ, ವರ್ಷಕ್ಕೆ! ಕರೆಂಟು, ಹೀಟಿಂಗ್ ಖರ್ಚು ಬೇರೆ. ಅದೇ ಬಾಡಿಗೆಗಿಂತ ಎಷ್ಟೋ ಜಾಸ್ತಿ.

ಇದನ್ನು ಕಟ್ಟಿಸಿದವನು ಯಾಕೋಬ್ ಫುಗ್ಗರ್. ಬಟ್ಟೆ, ತಾಮ್ರ, ಬೆಳ್ಳಿ, ಬಡ್ಡಿ, ಎಲ್ಲದರಲ್ಲೂ ಕೈಯಾಡಿಸಿದ ಸಾಹುಕಾರ. 1519ರಲ್ಲಿ ಐದನೇ ಚಾರ್ಲ್ಸ್ ಜರ್ಮನ್ ನಾಡುಗಳ ಚಕ್ರವರ್ತಿ ಆಗಲು, ಚಕ್ರವರ್ತಿಯನ್ನು ಆರಿಸುವ ದೊರೆಗಳ ಮತ ಕೊಳ್ಳಬೇಕಿತ್ತು. ಆ ದುಡ್ಡಿನಲ್ಲಿ ದೊಡ್ಡ ಪಾಲು ಇವನದೇ. ಎರಡು ವರ್ಷದ ನಂತರ, 1521ರಲ್ಲಿ, ಇವನು ಈ ಕೇರಿಗೆ ದತ್ತಿಪತ್ರ ಬರೆಸಿದ. ಬಾಡಿಗೆ ವರ್ಷಕ್ಕೆ ಒಂದು ಗುಲ್ಡನ್, ಅಂದರೆ ಆ ಕಾಲದ ಒಂದು ನಾಣ್ಯ. ಆಗ ಅದೇನೂ ಚಿಲ್ಲರೆ ಕಾಸಲ್ಲ. ಆದರೆ ಆಮೇಲೆ ಯಾರೂ ಏರಿಸಲೇ ಇಲ್ಲ. ಆ ಗುಲ್ಡನ್ನೇ ಇಂದಿನ 88 ಸೆಂಟ್.

ಷರತ್ತುಗಳಿವೆ. ಕೈ ಖಾಲಿ ಇರಬೇಕು, ಅದೇ ಊರಿನವರಾಗಿರಬೇಕು, ಕ್ಯಾಥೊಲಿಕ್ ಆಗಿರಬೇಕು. ಜೊತೆಗೆ ದಿನಾ ಮೂರು ಪ್ರಾರ್ಥನೆ, ಫುಗ್ಗರ್ ಮನೆತನದವರ ಆತ್ಮಕ್ಕಾಗಿ. ನನ್ನ ಕೇಳಿದರೆ ನಿಜವಾದ ಬಾಡಿಗೆ ಅದೇ. ಬಡ್ಡಿಯಲ್ಲಿ ಬೆಳೆದವನಿಗೆ ಪರಲೋಕದ ಲೆಕ್ಕದ ಚಿಂತೆ ಕಾಡದೇ ಇರುತ್ತದಾ?

ನಮ್ಮ ಕಡೆಗೂ ಒಂದು ಎಳೆ ಬರುತ್ತದೆ. 1505ರಲ್ಲಿ ವೈಸ್‌ರಾಯ್ ಅಲ್ಮೇಡಾನ ಪೋರ್ಚುಗೀಸ್ ಹಡಗುಗಳು ಮೆಣಸು ಹುಡುಕಿ ಹೊರಟಾಗ ಜರ್ಮನ್ ವ್ಯಾಪಾರಿಗಳೂ ಬಂಡವಾಳ ಹಾಕಿದ್ದರು. ಇದೇ ಊರಿನ ವೆಲ್ಸರ್ ಮನೆತನದ್ದು ದೊಡ್ಡ ಪಾಲು, ಫುಗ್ಗರ್‌ದು ಚಿಕ್ಕದು. ಆ ಹಡಗುಪಡೆ ಕಾರವಾರದ ಎದುರಿನ ಅಂಜುದೀವ್ ದ್ವೀಪದಲ್ಲಿ ಕೋಟೆ ಕಟ್ಟಿತು, ಹೊನ್ನಾವರಕ್ಕೆ ಹೋಗಿ ಬೆಂಕಿ ಇಟ್ಟಿತು. ಹಾಗಂತ ಈ ಕೇರಿಯ ಇಟ್ಟಿಗೆಯೆಲ್ಲ ನಮ್ಮ ಮೆಣಸಿನ ದುಡ್ಡು ಅಂತ ಸುಮ್ನೆ ಎದೆ ತಟ್ಟಿಕೊಳ್ಳಬೇಡಿ. ಅವನ ಅಸಲು ಗಂಟು ಇದ್ದದ್ದು ಗಣಿಗಳಲ್ಲಿ.

ಒಳಗೆ ಹೋದರೆ ಬಾಗಿಲುಗಳ ಪಕ್ಕ ನೋಡಿ. ಗಂಟೆ ಎಳೆಯುವ ಕಬ್ಬಿಣದ ಹಿಡಿಗಳು ತೂಗುತ್ತಿರುತ್ತವೆ. ಒಂದು ಮೂರೆಲೆಯ ಸೊಪ್ಪಿನ ಹಾಗೆ, ಇನ್ನೊಂದು ಪೈನ್ ಕಾಯಿಯ ಹಾಗೆ. ಮನೆಗಳೆಲ್ಲ ಒಂದೇ ಅಚ್ಚು. ಬೀದಿದೀಪ ಇಲ್ಲದ ಕಾಲದಲ್ಲಿ ಕತ್ತಲಲ್ಲಿ ತಡವಿ ನೋಡಿಯೇ ತಮ್ಮ ಬಾಗಿಲು ಗುರುತಿಸುತ್ತಿದ್ದರು ಅನ್ನುತ್ತಾರೆ.

14ನೇ ನಂಬರಿನ ಮನೆಯಲ್ಲಿ ಫ್ರಾಂಟ್ಸ್ ಮೊಟ್ಸಾರ್ಟ್ ಎಂಬ ಗಾರೆ ಕೆಲಸದವನಿದ್ದ. ಸಂಗೀತಗಾರ ಮೊಟ್ಸಾರ್ಟನ ಮುತ್ತಜ್ಜ. 1944ರ ಫೆಬ್ರವರಿಯಲ್ಲಿ ಬಾಂಬ್ ಬಿದ್ದು ಕೇರಿಯ ಬಹುಪಾಲು ನೆಲಸಮವಾಯಿತು. ಯುದ್ಧ ಮುಗಿದ ಮೇಲೆ ಹಳೆಯ ರೂಪದಲ್ಲೇ ಮತ್ತೆ ಎಬ್ಬಿಸಿದರು. ಜನ ಅಡಗಿದ್ದ ಬಂಕರ್ ಈಗ ಮ್ಯೂಸಿಯಂ.

ರಾತ್ರಿ ಹತ್ತಕ್ಕೆ ಹೆಬ್ಬಾಗಿಲು ಹಾಕುತ್ತಾರೆ. ತಡವಾಗಿ ಬಂದರೆ ಕಾವಲುಗಾರನ ಕೈಗೆ 50 ಸೆಂಟ್ ಇಡಬೇಕು. ಹನ್ನೆರಡು ದಾಟಿತೋ, ಒಂದು ಯೂರೋ. ಅಂದರೆ ಒಂದು ರಾತ್ರಿ ಹರಟೆ ಹೊಡೆದು ಬಂದ ತಪ್ಪಿಗೆ, ಇಡೀ ವರ್ಷದ ಬಾಡಿಗೆಗಿಂತ 12 ಸೆಂಟ್ ಜಾಸ್ತಿ.